ಕ್ಯಾಮೆರಾಕ್ಕೂ ಚರ್ಮರೋಗ!

ಮನುಷ್ಯನಿಗೆ ವಯಸ್ಸಾಯಿತೆಂಬುದನ್ನು ಮೊತ್ತಮೊದಲು ಜಗತ್ತಿಗೆ ಸಾರುವುದು ಅವನ ಚರ್ಮ. ಹೃದಯ ಗಟ್ಟಿಯಾಗಿರಬಹುದು, ಕಣ್ಣು ಚುರುಕಾಗಿರಬಹುದು, ನೆನಪು ಮಾಸದೆ ಇರಬಹುದು. ಆದರೆ ಮುಖದ ಮೇಲೆ ಒಂದು ಸುಕ್ಕು ಕಾಣಿಸಿಕೊಂಡಿತೆಂದರೆ ನೆಂಟರಿಷ್ಟರು ಮರುಗತೊಡಗುತ್ತಾರೆ. ಡಿಜಿಟಲ್ ಕ್ಯಾಮೆರಾದ ಪಾಡೂ ಹೆಚ್ಚು ಕಡಮೆ ಇದೇ. ಒಳಗಿನ ಮಸೂರ, ಪರದೆ, ಯಂತ್ರಭಾಗಗಳೆಲ್ಲ ಸುಸ್ಥಿತಿಯಲ್ಲಿರುವಾಗಲೇ ಅದರ ಮೈಗೆ ಅಂಟಿಸಿದ ಕರಿಯ ರಬ್ಬರು ಹೊದಿಕೆ ಅಂಚಿನಲ್ಲಿ ಮೇಲೇಳುತ್ತದೆ. ಹೆಬ್ಬೆರಳು ಊರುವಲ್ಲಿ ಉಬ್ಬುತ್ತದೆ. ಕೊನೆಗೊಂದು ದಿನ, ಮದುವೆ ಮನೆಯ ಗಡಿಬಿಡಿಯ ನಡುವೆ, ಹಳೆಯ ಪುಸ್ತಕದ ರಟ್ಟಿನಂತೆ ಕೈಗೇ ಕಿತ್ತುಬರುತ್ತದೆ.

ಇಂತಹ ಕ್ಯಾಮೆರಾಗಳು ಇಂದು ಎಷ್ಟೋ ಮನೆಗಳ ಬೀರುವಿನಲ್ಲಿವೆ. ಮಗುವಿನ ನಾಮಕರಣಕ್ಕೆಂದು ತಿಂಗಳ ಸಂಬಳಕ್ಕಿಂತಲೂ ಹೆಚ್ಚು ಹಣ ತೆತ್ತು ಕೊಂಡದ್ದು. ಆ ಮಗು ಅಂಬೆಗಾಲಿಟ್ಟುದನ್ನೂ, ಈಗ ಇಲ್ಲವಾಗಿರುವ ತಾತ ಅದನ್ನು ಎತ್ತಿ ಆಡಿಸಿದುದನ್ನೂ ಸೆರೆಹಿಡಿದದ್ದು. ಹನ್ನೆರಡು ಹದಿಮೂರು ವರ್ಷಗಳ ಬಳಿಕ ಅದೇ ಮಗು, ಹೈಸ್ಕೂಲಿನ ಹುಡುಗಿಯಾಗಿ, ಅದನ್ನು ಕೈಗೆತ್ತಿಕೊಂಡು ‘ಅಪ್ಪಾ, ಇದೇಕೆ ಅಂಟಂಟಾಗಿದೆ?’ ಎಂದು ಮುಖ ಸಿಂಡರಿಸುತ್ತಾಳೆ. ‘ಹಳೆಯದಾಯಿತಮ್ಮಾ, ಯಾರಿಗಾದರೂ ಕೊಟ್ಟುಬಿಡೋಣ’ ಎಂಬ ಉತ್ತರ ಬರುತ್ತದೆ. ಅಲ್ಲಿಗೆ ಒಂದು ಒಳ್ಳೆಯ ಯಂತ್ರದ ಆಯುಷ್ಯ ತೀರಿದಂತೆಯೇ!

ಆದರೆ ತೀರಬೇಕಾದ ಅಗತ್ಯವಿದೆಯೆ? ಇಲ್ಲವೆಂಬುದೇ ಸಮಾಧಾನದ ಸಂಗತಿ. ಇದು ಕೇವಲ ಚರ್ಮರೋಗ. ತಾಳ್ಮೆಯೊಂದಿದ್ದರೆ ಮನೆಯ ಮೇಜಿನ ಮೇಲೆಯೇ ಇದಕ್ಕೆ ಚಿಕಿತ್ಸೆ ಮಾಡಬಹುದು. ಆದರೆ ರೋಗವಾವುದೆಂದು ತಿಳಿಯದೆ ಮದ್ದು ಹಚ್ಚಿದರೆ ಚರ್ಮದ ಜೊತೆಗೆ ಕಣ್ಣಿಗೂ, ಎಂದರೆ ಮಸೂರಕ್ಕೂ, ಅಪಾಯ ತಪ್ಪಿದ್ದಲ್ಲ.

ಹಿಡಿತದ ಮಹಿಮೆ

ರಬ್ಬರು ಹೊದಿಕೆ ಅಂದಕ್ಕಾಗಿ ಇರುವುದೆಂದು ಹಲವರು ಭಾವಿಸುವುದುಂಟು. ಅದು ತಪ್ಪು. ಕ್ಯಾಮೆರಾದ ಬಲಗಡೆಯಲ್ಲಿ ಉಬ್ಬಿರುವ ಹಿಡಿಕೆ, ಹಿಂದುಗಡೆ ಹೆಬ್ಬೆರಳಿಗೆಂದು ಬಿಟ್ಟಿರುವ ತಾಣ, ಎಡಗಡೆಯ ಪಾರ್ಶ್ವ, ಇವೆಲ್ಲ ಯಂತ್ರದ ಭಾರವನ್ನು ಕೈಗೆ ಒಪ್ಪಿಸುವ ಜಾಗಗಳು. ಮಸೂರವೂ ಸೇರಿ ಒಂದೂವರೆ ಎರಡು ಕಿಲೋಗ್ರಾಂ ತೂಗುವ ಕ್ಯಾಮೆರಾವನ್ನು ಬೆವರಿದ ಕೈಯಲ್ಲಿ ಹಿಡಿದು ಗಂಟೆಗಟ್ಟಲೆ ನಿಲ್ಲುವವರಿಗೆ ಇದರ ಬೆಲೆ ಗೊತ್ತು. ಸಂಜೆಯ ಮಬ್ಬು ಬೆಳಕಿನಲ್ಲಿ ಸೆಕೆಂಡಿನ ೩೦ರಲ್ಲಿ ಒಂದು ಭಾಗದಷ್ಟು ಕಾಲ ಕಿಂಡಿ ತೆರೆದಿರುವಾಗ, ಹೆಬ್ಬೆರಳಿನ ಕೆಳಗಿನ ರಬ್ಬರು ಕೂದಲೆಳೆಯಷ್ಟು ಜಾರಿದರೂ ಚಿತ್ರ ಮಸುಕಾಗುತ್ತದೆ. ಮತ್ತೂ ಸ್ವಲ್ಪ ಜಾರಿದರೆ ಕ್ಯಾಮೆರಾವೇ ನೆಲದ ಪಾಲು.

ಈ ಉಬ್ಬಿದ ಹಿಡಿಕೆ ಕ್ಯಾಮೆರಾಕ್ಕೆ ಹುಟ್ಟಿನಿಂದ ಬಂದುದಲ್ಲ. ಫಿಲ್ಮ್ ಕ್ಯಾಮೆರಾಗಳು ಬಹುಕಾಲ ಇಟ್ಟಿಗೆಯಂತೆ ಚಪ್ಪಟೆಯಾಗಿಯೇ ಇದ್ದವು. ಒಳಗೆ ಮೋಟಾರು, ಬ್ಯಾಟರಿಗಳು ಸೇರಿಕೊಂಡಾಗ ಅವುಗಳಿಗೆ ಜಾಗವೂ ಬೇಕಾಯಿತು, ಕೈಗೆ ಆಸರೆಯೂ ಬೇಕಾಯಿತು. ಜರ್ಮನಿಯ ವಿನ್ಯಾಸಕಾರ ಲೂಯಿಜಿ ಕೊಲಾನಿಯ ಕಲ್ಪನೆಗಳ ನೆರವಿನಿಂದ ರೂಪುಗೊಂಡು ೧೯೮೬ರಲ್ಲಿ ಹೊರಬಂದ ಕ್ಯಾನನ್ ಟಿ-೯೦ ಕ್ಯಾಮೆರಾ, ಅಂಗೈಗೆ ಒಪ್ಪುವಂತೆ ದುಂಡಗೆ ಬಾಗಿದ ಮೈಯ ಹೊಸ ಮಾದರಿಯನ್ನು ತೋರಿಸಿಕೊಟ್ಟಿತು. ಇಂದಿನ ಡಿಜಿಟಲ್ ಕ್ಯಾಮೆರಾಗಳ ಆಕಾರದಲ್ಲಿ ಅದರ ಛಾಯೆಯನ್ನು ಈಗಲೂ ಗುರುತಿಸಬಹುದು.

ಮರದಿಂದ ರಬ್ಬರಿಗೆ

ಕ್ಯಾಮೆರಾದ ಹೊರಮೈಗೂ ಅಂಟಿಗೂ ಹವೆಗೂ ನಡೆದಿರುವ ಜಗಳ ಇಂದು ನಿನ್ನೆಯದಲ್ಲ. ಹತ್ತೊಂಬತ್ತನೆಯ ಶತಮಾನದ ಕ್ಯಾಮೆರಾಗಳು ಮರದ ಪೆಟ್ಟಿಗೆಗಳು. ಅವುಗಳ ತಿದಿ ಚರ್ಮದ್ದು. ಇಂಗ್ಲೆಂಡಿನ ಚಳಿಗೆ ಒಗ್ಗಿದ ಈ ಕ್ಯಾಮೆರಾಗಳು ಭಾರತದಂತಹ ಉಷ್ಣದೇಶಗಳಿಗೆ ಬಂದಾಗ ಪಾಡು ಪಡತೊಡಗಿದವು. ಮಳೆಗಾಲದ ತೇವಕ್ಕೆ ಮರ ಉಬ್ಬಿತು, ಅಂಟು ಬಿಟ್ಟಿತು, ಚರ್ಮಕ್ಕೆ ಬೂಷ್ಟು ಹಿಡಿಯಿತು. ಉಳಿದುದನ್ನು ಹುಳುಗಳು ನೋಡಿಕೊಂಡವು. ಇದನ್ನರಿತ ಇಂಗ್ಲೆಂಡಿನ ತಯಾರಕರು ‘ಟ್ರಾಪಿಕಲ್’ ಎಂಬ ಹೆಸರಿನ ವಿಶೇಷ ಕ್ಯಾಮೆರಾಗಳನ್ನೇ ಹೊರತಂದರು. ಸ್ಯಾಂಡರ್ಸನ್ ಮೊದಲಾದ ಹೆಸರುಗಳಲ್ಲಿ ಮಾರಾಟವಾದ ಇವುಗಳಲ್ಲಿ ಚರ್ಮದ ಹೊದಿಕೆಯಿರಲಿಲ್ಲ. ಹೊಳಪು ಕೊಟ್ಟ ತೇಗದ ಮೈ, ಮೂಲೆಮೂಲೆಗೂ ಹಿತ್ತಾಳೆಯ ಕಟ್ಟು. ಅಂಟನ್ನಷ್ಟೇ ನಂಬಿ ಕೂಡುವಂತಿಲ್ಲವೆಂಬ ಪಾಠವನ್ನು ಈ ದೇಶದ ಮಳೆಗಾಲವೇ ಅವರಿಗೆ ಕಲಿಸಿತೆನ್ನಬಹುದು.

೧೯೦೦ರಲ್ಲಿ ಕೊಡಕ್ ಸಂಸ್ಥೆ ಒಂದು ಡಾಲರಿಗೆ ಮಾರಿದ ಬ್ರೌನಿ ಕ್ಯಾಮೆರಾ ರಟ್ಟಿನ ಪೆಟ್ಟಿಗೆ; ಅದರ ಮೇಲೆ ಕೃತಕ ಚರ್ಮ. ೧೯೨೫ರಲ್ಲಿ ಜರ್ಮನಿಯ ಲೈಪ್‌ಜಿಗ್ ಜಾತ್ರೆಯಲ್ಲಿ ಕಾಣಿಸಿಕೊಂಡ ಲೈಕಾ ಕ್ಯಾಮೆರಾಕ್ಕೆ ವಲ್ಕನೈಟ್ ಎಂಬ ಗಡುಸು ರಬ್ಬರಿನ ಹೊದಿಕೆಯಿತ್ತು. ಇದು ಹೇರಳವಾಗಿ ಗಂಧಕ ಬೆರೆಸಿ ಬೇಯಿಸಿದ ರಬ್ಬರು. ದಶಕಗಳು ಕಳೆದಂತೆ ಅದು ಪೆಡಸಾಗಿ ಹಳೆಯ ಗೋಡೆಯ ಗಾರೆಯಂತೆ ಚೂರುಚೂರಾಗಿ ಉದುರುವುದುಂಟು. ಕಾಂಟ್ಯಾಕ್ಸ್ ಕ್ಯಾಮೆರಾಗಳಲ್ಲಿ ಇನ್ನೊಂದು ವಿಚಿತ್ರ: ಚರ್ಮದ ಅಡಿಯಲ್ಲಿರುವ ಹಿತ್ತಾಳೆಯ ಮೊಳೆಗಳು ಕಿಲುಬುಗಟ್ಟಿ, ಮೇಲಿನ ಚರ್ಮದಲ್ಲಿ ಮೊಡವೆಗಳಂತಹ ಗುಳ್ಳೆಗಳೇಳುತ್ತವೆ. ಹಳೆಯ ಕ್ಯಾಮೆರಾಗಳ ಸಂಗ್ರಹಕಾರರು ಇವನ್ನು ‘ಜೈಸ್ ಗುಳ್ಳೆ’ಗಳೆಂದೇ ಕರೆಯುತ್ತಾರೆ. ಆದುದರಿಂದ ಚರ್ಮರೋಗ ಡಿಜಿಟಲ್ ಕ್ಯಾಮೆರಾಗಳಿಗೇ ಮೀಸಲಾದುದಲ್ಲ. ಅದು ವಂಶಪಾರಂಪರ್ಯವಾಗಿ ಬಂದುದು!

ರಬ್ಬರು ಉಬ್ಬುವುದೇಕೆ?

ಸುಳ್ಯ, ಪುತ್ತೂರು, ಬೆಳ್ತಂಗಡಿಗಳ ಕಡೆಯ ರಬ್ಬರು ತೋಟಗಳನ್ನು ಕಂಡವರಿಗೆ, ಬೆಳಗಿನ ಜಾವ ಮರದ ತೊಗಟೆಯನ್ನು ಕೊರೆದು ಚಿಪ್ಪುಗಳಲ್ಲಿ ಹಿಡಿಯುವ ಹಾಲಿನ ನೆನಪಿರಬಹುದು. ಈ ಹಾಲಿನಿಂದ ದೊರೆಯುವ ಹಸಿ ರಬ್ಬರು ಬಿಸಿಲಿಗೆ ಅಂಟಾಗಿ, ಚಳಿಗೆ ಪೆಡಸಾಗಿ ಯಾವುದಕ್ಕೂ ಬಾರದಂತಹುದು. ೧೮೩೯ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಅದಕ್ಕೆ ಗಂಧಕ ಬೆರೆಸಿ ಕಾಯಿಸುವ ವಿಧಾನವನ್ನು ಕಂಡುಹಿಡಿದ ಮೇಲೆಯೇ ಅದಕ್ಕೆ ಸ್ಥಿರತೆ ಬಂದಿತು. ರಬ್ಬರಿನ ಉದ್ದುದ್ದನೆಯ ಅಣುಸರಪಳಿಗಳನ್ನು ಗಂಧಕವು ಅಲ್ಲಲ್ಲಿ ಗಂಟುಹಾಕಿ ಬಲೆಯಂತೆ ಹೆಣೆಯುತ್ತದೆ. ಎಳೆದರೆ ಹಿಗ್ಗಿ, ಬಿಟ್ಟರೆ ಕುಗ್ಗುವ ಗುಣ ಈ ಬಲೆಯದು.

ಕ್ಯಾಮೆರಾಕ್ಕೆ ಅಂಟಿಸುವುದು ಬಹುಮಟ್ಟಿಗೆ ಕೃತಕ ರಬ್ಬರು, ಇಲ್ಲವೆ ರಬ್ಬರಿನ ಗುಣವುಳ್ಳ ಪ್ಲಾಸ್ಟಿಕ್ಕು. ಒಂದೊಂದು ಮಾದರಿಗೆ ಒಂದೊಂದು ಬಗೆ. ಆದರೆ ಅವುಗಳಲ್ಲಿ ಅನೇಕಕ್ಕೆ ಸಾಮಾನ್ಯವಾದ ಶತ್ರು ಎಣ್ಣೆ. ಎಣ್ಣೆಯಲ್ಲಿ ಈ ಬಲೆ ಕರಗಿಹೋಗುವುದಿಲ್ಲ, ಗಂಟುಗಳಿವೆಯಲ್ಲ! ಆದರೆ ಎಣ್ಣೆಯ ಅಣುಗಳು ಬಲೆಯ ಕಣ್ಣುಗಳೊಳಗೆ ನುಸುಳಿ ಕುಳಿತು ಅದನ್ನು ಹಿಗ್ಗಿಸುತ್ತವೆ. ಹಳೆಯದಾದ ಕುಕ್ಕರಿನ ಗ್ಯಾಸ್ಕೆಟ್ಟು ಹಿಗ್ಗಿ ಮುಚ್ಚಳದಲ್ಲಿ ಸರಿಯಾಗಿ ಕೂರದೆ ಹೋಗುವುದನ್ನು ಬಲ್ಲ ಗೃಹಿಣಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕ್ಯಾಮೆರಾದ ಹೊದಿಕೆಗೂ ಅದೇ ಗತಿ. ಕೂದಲಿಗೆ ಹಚ್ಚಿದ ಕೊಬ್ಬರಿ ಎಣ್ಣೆ, ಬಿಸಿಲಿಗೆಂದು ಬಳಿದ ಲೇಪನ, ಸೊಳ್ಳೆಯ ಕಾಟಕ್ಕೆ ಸವರಿದ ಮುಲಾಮು, ಬೋಂಡಾ ತಿಂದ ಬೆರಳು, ಇದಾವುದೂ ಇಲ್ಲದಿದ್ದರೂ ಚರ್ಮವೇ ಸ್ರವಿಸುವ ಜಿಡ್ಡು—ಎಲ್ಲವೂ ವರುಷಗಟ್ಟಲೆ ರಬ್ಬರಿಗೆ ಇಳಿಯುತ್ತವೆ. ಇವುಗಳಲ್ಲಿ ‘ಡೀಟ್’ ಎಂಬ ರಾಸಾಯನಿಕವುಳ್ಳ ಸೊಳ್ಳೆಮದ್ದು ಪ್ಲಾಸ್ಟಿಕ್ಕಿನ ಮೈಯನ್ನೇ ಮೆತ್ತಗೆ ಮಾಡಬಲ್ಲುದು.

ಹಿಗ್ಗಿದ ಹೊದಿಕೆ ತನ್ನ ತಗ್ಗಿನಲ್ಲಿ ಹಿಡಿಸದೆ ಉಬ್ಬುತ್ತದೆ. ಅದರಡಿಯ ಎರಡು ಮೈ ಅಂಟುಪಟ್ಟಿಯು ಬಿಸಿಲಿನ ಝಳಕ್ಕೆ ಮೆತ್ತಗಾಗುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗಿನ ಉಷ್ಣತೆ ಹೊರಗಿನದಕ್ಕಿಂತ ೨೦ ಡಿಗ್ರಿಗೂ ಮಿಗಿಲಾಗಿ ಏರುವುದುಂಟು. ಕ್ಯಾಮೆರಾವನ್ನು ಅಲ್ಲಿಟ್ಟು ದೇವಸ್ಥಾನಕ್ಕೆ ಹೋಗಿಬರುವಷ್ಟರಲ್ಲಿ ಅಂಟಿನ ಬಲ ಉಡುಗಿರುತ್ತದೆ. ಮೇಲೆ ಹೆಬ್ಬೆರಳಿನ ನೂಕಾಟ ಬೇರೆ. ಅಂಚು ಒಮ್ಮೆ ಎದ್ದಿತೆಂದರೆ ಧೂಳು ಒಳಹೊಕ್ಕು ಅಂಟನ್ನು ಮುಚ್ಚುತ್ತದೆ. ಆಮೇಲೆ ಎಷ್ಟು ಒತ್ತಿದರೂ ಅದು ಮತ್ತೆ ಕೂರುವುದಿಲ್ಲ.

ರೋಗ ನಾಲ್ಕು ಬಗೆ

ಚಿಕಿತ್ಸೆಗೆ ಮೊದಲು ರೋಗನಿರ್ಣಯವಾಗಬೇಕು. ಕ್ಯಾಮೆರಾದ ಹೊದಿಕೆಗೆ ತಗಲುವ ರೋಗಗಳನ್ನು ನಾಲ್ಕಾಗಿ ವಿಂಗಡಿಸಬಹುದು.

ಮೊದಲನೆಯದು, ಅಂಟು ಬಿಟ್ಟುದು. ರಬ್ಬರಿನ ಅಳತೆ ಸರಿಯಾಗಿಯೇ ಇದೆ. ಒತ್ತಿದರೆ ತನ್ನ ಜಾಗದಲ್ಲಿ ಸರಿಯಾಗಿ ಕೂರುತ್ತದೆ, ಬಿಟ್ಟರೆ ಏಳುತ್ತದೆ. ಇದು ಸುಲಭಸಾಧ್ಯ.

ಎರಡನೆಯದು, ಹಿಗ್ಗಿದುದು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಅಲೆಯಂತೆ ಏಳುತ್ತದೆ. ಇದು ಕಷ್ಟಸಾಧ್ಯ.

ಮೂರನೆಯದು, ಅಂಟಂಟಾದುದು. ಮುಟ್ಟಿದರೆ ಬೆಲ್ಲದ ಪಾಕದಂತೆ ಬೆರಳಿಗೆ ಹತ್ತುತ್ತದೆ. ಹಲವು ಯಂತ್ರಗಳ ಪ್ಲಾಸ್ಟಿಕ್ಕಿನ ಮೇಲೆ ಮೆತ್ತನೆಯ ಸ್ಪರ್ಶಕ್ಕಾಗಿ ಪಾಲಿಯುರಿಥೇನ್ ಎಂಬ ವಸ್ತುವಿನ ತೆಳ್ಳನೆಯ ಲೇಪವನ್ನು ಕೊಟ್ಟಿರುತ್ತಾರೆ. ಗಾಳಿಯಲ್ಲಿನ ನೀರಾವಿಯು ಮೆಲ್ಲಮೆಲ್ಲನೆ ಅದರ ಅಣುಸರಪಳಿಗಳನ್ನು ಕತ್ತರಿಸುತ್ತ ಹೋಗುತ್ತದೆ. ವರ್ಷಕ್ಕೆ ಸರಾಸರಿ ೭,೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯಂತಹ ಮಲೆನಾಡಿನ ಊರುಗಳಲ್ಲಿಯೂ, ಕರಾವಳಿಯ ತೇವದಲ್ಲಿಯೂ ಇದಕ್ಕೆ ಅನುಕೂಲ ಹೆಚ್ಚು. ಒಮ್ಮೆ ಕೆಟ್ಟ ಲೇಪವನ್ನು ಸರಿಪಡಿಸುವ ಮದ್ದಿಲ್ಲ. ಅದನ್ನು ಪೂರ್ತಿಯಾಗಿ ಒರಸಿ ತೆಗೆಯುವುದೇ ದಾರಿ.

ನಾಲ್ಕನೆಯದು, ಬಿಳುಪು. ಕರಿಯ ರಬ್ಬರಿನ ಮೇಲೆ ಬೂದಿ ಚೆಲ್ಲಿದಂತೆ ಕಾಣುವ ಇದನ್ನು ಬೂಷ್ಟೆಂದು ಭ್ರಮಿಸುವವರು ಬಹಳ. ಆದರೆ ಅನೇಕ ವೇಳೆ ಅದು ರಬ್ಬರಿನಲ್ಲಿ ಬೆರೆಸಿದ್ದ ಮೇಣ, ಗಂಧಕ ಮೊದಲಾದವು ನಿಧಾನವಾಗಿ ಮೇಲಕ್ಕೆ ಬಂದು ಕುಳಿತದ್ದು. ಒದ್ದೆ ಬಟ್ಟೆಯಿಂದಲೋ ಸ್ವಲ್ಪ ಸ್ಪಿರಿಟ್ಟಿನಿಂದಲೋ ಒರಸಿದರೆ ಹೋಗುತ್ತದೆ. ಕೆಲವು ತಿಂಗಳಾದ ಮೇಲೆ ಮತ್ತೆ ಬರಬಹುದು. ಇದರಿಂದ ಹಾನಿಯೇನೂ ಇಲ್ಲ.

ಶಸ್ತ್ರಚಿಕಿತ್ಸೆಗೆ ಸಿದ್ಧತೆ

ಗ್ಯಾರಂಟಿಯ ಅವಧಿ ಇನ್ನೂ ಮುಗಿಯದಿದ್ದರೆ ಸ್ವಂತ ವೈದ್ಯಕ್ಕೆ ಕೈಹಾಕದೆ ತಯಾರಕರ ಸರ್ವಿಸ್ ಕೇಂದ್ರಕ್ಕೆ ಒಯ್ಯುವುದು ಜಾಣತನ. ಮುಗಿದಿದ್ದರೆ ಮುಂದುವರಿಯಬಹುದು.

ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ. ಕಿವಿಗೆ ಬಳಸುವ ಹತ್ತಿಯ ಕಡ್ಡಿಗಳು, ಸೀಳಿದ ಬಿದಿರಿನ ಕಡ್ಡಿ ಅಥವಾ ಹಳೆಯ ಪ್ಲಾಸ್ಟಿಕ್ ಕಾರ್ಡಿನ ತುಂಡು, ಹರಿತವಾದ ಬ್ಲೇಡು, ಚಿಮಟ, ಎರಡು ಮೈ ಅಂಟುಪಟ್ಟಿ, ಐಸೊಪ್ರೊಪೈಲ್ ಆಲ್ಕೊಹಾಲ್. ಕೈ ತೊಳೆಯಲೆಂದು ಮನೆಯಲ್ಲಿರುವ ಸ್ಯಾನಿಟೈಸರ್ ಇದಕ್ಕೆ ಬದಲಿಯಲ್ಲ; ಅದರಲ್ಲಿ ಬೆರೆಸಿದ ಗ್ಲಿಸರಿನ್ ಜಿಡ್ಡಾಗಿ ಉಳಿದು ಹೊಸ ಅಂಟು ಹಿಡಿಯದಂತೆ ಮಾಡುತ್ತದೆ. ಐಸೊಪ್ರೊಪೈಲ್ ಬೇಗನೆ ಹೊತ್ತಿಕೊಳ್ಳುವ ದ್ರವವಾದುದರಿಂದ ಒಲೆಯ ಹತ್ತಿರವಾಗಲಿ, ದೇವರ ಮನೆಯ ದೀಪದ ಬಳಿಯಾಗಲಿ ಕೆಲಸಕ್ಕೆ ಕೂರಬಾರದು. ಕಿಟಕಿಗಳು ತೆರೆದಿರಲಿ.

ಕ್ಯಾಮೆರಾದ ಬ್ಯಾಟರಿಯನ್ನೂ ಚಿತ್ರಗಳ ಕಾರ್ಡನ್ನೂ ಮೊದಲು ಹೊರತೆಗೆದಿಡಬೇಕು. ಕಾರ್ಡಿನಲ್ಲಿರುವ ಚಿತ್ರಗಳನ್ನು ಬೇರೆಡೆಗೆ ನಕಲು ಮಾಡಿಕೊಳ್ಳುವುದು ಇನ್ನೂ ಲೇಸು. ಹೊದಿಕೆ ಮತ್ತೆ ಸಿಕ್ಕೀತು, ಚಿತ್ರ ಸಿಕ್ಕದು. ಮಸೂರವನ್ನು ಕಳಚಿ, ಕ್ಯಾಮೆರಾದ ಬಾಯಿಗೆ ಮುಚ್ಚಳ ಹಾಕಬೇಕು.

ಇಲ್ಲೊಂದು ಮುಖ್ಯ ಎಚ್ಚರಿಕೆ. ಹೊದಿಕೆಯನ್ನು ತೆಗೆದಾಗ ಅದರಡಿಯಲ್ಲಿ ಅಡಗಿದ್ದ ತಿರುಪುಮೊಳೆಗಳು ಅನೇಕ ಮಾದರಿಗಳಲ್ಲಿ ಕಾಣಸಿಗುತ್ತವೆ. ಅವನ್ನು ಕಂಡೊಡನೆ ಬಿಚ್ಚಿ ಒಳಗೇನಿದೆಯೆಂದು ನೋಡುವ ಕುತೂಹಲ ಸಹಜ. ಅದನ್ನು ಅದುಮಿಡಬೇಕು. ಫ್ಲಾಷ್ ದೀಪವನ್ನು ಒಳಗೊಂಡ ಕ್ಯಾಮೆರಾದಲ್ಲಿ ಅದಕ್ಕೆ ವಿದ್ಯುತ್ತನ್ನು ಕೂಡಿಡುವ ಕೆಪಾಸಿಟರಿರುತ್ತದೆ; ಅದರಲ್ಲಿ ಸುಮಾರು ೩೦೦ ವೋಲ್ಟುಗಳ ಒತ್ತಡ. ಬ್ಯಾಟರಿಯನ್ನು ತೆಗೆದ ಮೇಲೂ ಅದು ಬಹಳ ಹೊತ್ತು ಉಳಿದಿರಬಲ್ಲುದು. ಕೈ ತಗಲಿದರೆ ಜೋರಾದ ಆಘಾತವಾಗುತ್ತದೆ. ಚರ್ಮದ ವೈದ್ಯರು ಚರ್ಮದಲ್ಲಿಯೇ ನಿಲ್ಲುವುದು ಕ್ಷೇಮ.

ಚಿಕಿತ್ಸೆಯ ಕ್ರಮ

ಎದ್ದಿರುವ ಅಂಚಿನಿಂದಲೇ ಬಿದಿರಿನ ಕಡ್ಡಿಯನ್ನು ಒಳತೂರಿಸಿ ಮೆಲ್ಲಮೆಲ್ಲನೆ ಹೊದಿಕೆಯನ್ನು ಬಿಡಿಸಬೇಕು. ಎಳೆಯಬಾರದು, ಎಳೆದರೆ ಹಿಗ್ಗಿದ ರಬ್ಬರು ಇನ್ನಷ್ಟು ಹಿಗ್ಗುತ್ತದೆ. ಅಂಟು ಬಲವಾಗಿ ಹಿಡಿದಿದ್ದರೆ ಕೂದಲು ಒಣಗಿಸುವ ಯಂತ್ರದ ಹದವಾದ ಬಿಸಿಗಾಳಿಯನ್ನು ಕೆಲವು ಕ್ಷಣ ಹಾಯಿಸಿದರೆ ಸಡಿಲವಾಗುತ್ತದೆ.

ಬಳಿಕ ಹಳೆಯ ಅಂಟಿನ ಸರದಿ. ಕೆಲಸದಲ್ಲೆಲ್ಲ ಬೇಸರದ ಭಾಗವೂ ಇದೇ, ಮುಖ್ಯವಾದ ಭಾಗವೂ ಇದೇ. ಬೆರಳಿನಿಂದ ಉಜ್ಜಿ ಉಂಡೆಕಟ್ಟಿ ತೆಗೆಯಬಹುದಾದಷ್ಟನ್ನು ತೆಗೆದು, ಉಳಿದುದನ್ನು ಐಸೊಪ್ರೊಪೈಲಿನಲ್ಲಿ ಅದ್ದಿ ಹಿಂಡಿದ ಹತ್ತಿಕಡ್ಡಿಯಿಂದ ಒರಸಬೇಕು. ಕಡ್ಡಿ ತೇವವಾಗಿದ್ದರೆ ಸಾಕು, ತೊಟ್ಟಿಕ್ಕಬಾರದು. ಗುಂಡಿಗಳ ಸಂದಿಗೂ ತಿರುಪುಮೊಳೆಗಳ ತೂತಿಗೂ ದ್ರವ ಇಳಿಯಬಾರದು. ರಬ್ಬರಿನ ಬೆನ್ನನ್ನೂ ಹೀಗೆಯೇ ಶುಚಿಮಾಡಿ, ಮುಂಭಾಗವನ್ನು ಸೋಪಿನ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು, ನೆರಳಿನಲ್ಲಿ ಪೂರ್ತಿಯಾಗಿ ಒಣಗಿಸಬೇಕು.

ಈಗ ಅಂಟಿಲ್ಲದೆಯೇ ಹೊದಿಕೆಯನ್ನು ಅದರ ಜಾಗದಲ್ಲಿಟ್ಟು ನೋಡಬೇಕು. ಸರಿಯಾಗಿ ಕುಳಿತರೆ ರೋಗ ಮೊದಲನೆಯ ಬಗೆಯದು. ಉಬ್ಬಿದರೆ ಎರಡನೆಯದು; ಆಗ ಅವಸರಪಡದೆ ಅದನ್ನು ಚಪ್ಪಟೆಯಾಗಿ ಕೆಲವು ದಿನ ಗಾಳಿಗೆ ಬಿಡಬೇಕು. ಹೀರಿಕೊಂಡ ದ್ರವ ಬೇಗ ಆರುವಂತಹುದಾಗಿದ್ದರೆ ರಬ್ಬರು ಸ್ವಲ್ಪಮಟ್ಟಿಗೆ ಕುಗ್ಗೀತು. ಎಣ್ಣೆಯಾಗಿದ್ದರೆ ಅಷ್ಟು ಸುಲಭವಾಗಿ ಬಿಡದು. ಉಳಿದ ಹೆಚ್ಚಳ ಒಂದೆರಡು ಮಿಲಿಮೀಟರಿನಷ್ಟೇ ಆಗಿದ್ದರೆ ಕಣ್ಣಿಗೆ ಬೀಳದ ಅಂಚಿನಲ್ಲಿ ಬ್ಲೇಡಿನಿಂದ ಕೊಂಚಕೊಂಚವೇ ಕತ್ತರಿಸಿ ಸರಿದೂಗಿಸಬಹುದು. ಕತ್ತರಿಸಿದುದನ್ನು ಮತ್ತೆ ಜೋಡಿಸಲಾಗದೆಂಬುದು ನೆನಪಿರಲಿ. ಅದಕ್ಕೂ ಮೀರಿದ್ದರೆ ಹೊಸ ಹೊದಿಕೆಯೇ ಗತಿ. ಹೆಚ್ಚು ಮಾರಾಟವಾದ ಮಾದರಿಗಳಿಗೆ ಅಚ್ಚುಹಾಕಿದ ಬದಲಿ ಹೊದಿಕೆಗಳು ಬಿಡಿಭಾಗಗಳ ವ್ಯಾಪಾರಿಗಳಲ್ಲಿ ದೊರೆಯುತ್ತವೆ. ಕೊಳ್ಳುವಾಗ ಮಾದರಿಯ ಹೆಸರನ್ನು ಅಕ್ಷರಕ್ಷರವಾಗಿ ನೋಡಿಕೊಳ್ಳಬೇಕು. ಒಂದೇ ಬಳಗದ ಎರಡು ಕ್ಯಾಮೆರಾಗಳ ಹಿಡಿಕೆ ಒಂದೇ ಆಗಿರುವುದಿಲ್ಲ.

ಅಂಟಿನ ವಿಷಯದಲ್ಲಿ ತೆಳ್ಳಗಿರುವುದೇ ಗುಣ. ಪಟಗಳನ್ನು ಗೋಡೆಗೆ ಅಂಟಿಸುವ ಸ್ಪಂಜಿನ ಪಟ್ಟಿ ಬಳಸಿದರೆ ಹೊದಿಕೆ ತನ್ನ ತಗ್ಗಿನಿಂದ ಮೇಲೆದ್ದು ನಿಲ್ಲುತ್ತದೆ. ದಪ್ಪ ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸಿನಲ್ಲಿರಬೇಕು. ರಿಪೇರಿಗಾರರು ಬಳಸುವ ಅಕ್ರಿಲಿಕ್ ಅಂಟಿನ ಪಟ್ಟಿಗಳಲ್ಲಿ ೩ಎಂ ಸಂಸ್ಥೆಯ ೪೬೮ಎಂಪಿ ಎಂಬುದು ೦.೧೩ ಮಿಲಿಮೀಟರು, ೪೬೭ಎಂಪಿ ಎಂಬುದು ೦.೦೫ ಮಿಲಿಮೀಟರು ದಪ್ಪವುಳ್ಳವು. ಹೊದಿಕೆಯ ಬೆನ್ನು ಉಬ್ಬುತಗ್ಗಾಗಿದ್ದರೆ ದಪ್ಪನಾದುದು ಚೆನ್ನು, ನುಣುಪಾಗಿದ್ದರೆ ತೆಳುವಾದುದು ಸಾಕು.

ಹೊದಿಕೆಯ ಬೆನ್ನಿಗೆ ಪಟ್ಟಿಯನ್ನು ಸುಕ್ಕಿಲ್ಲದಂತೆ ಹಚ್ಚಿ, ಅಂಚಿನ ಸುತ್ತ ಬ್ಲೇಡಿನಿಂದ ಕತ್ತರಿಸಬೇಕು. ಅಡಿಯಲ್ಲಿ ಧ್ವನಿಯ ತೂತು, ಮೊಳೆಯ ತಲೆ, ಕಾರ್ಡಿನ ಬಾಗಿಲಿನ ಕೀಲು ಇದ್ದಲ್ಲಿ ಅಷ್ಟು ಭಾಗ ಖಾಲಿ ಬಿಡಬೇಕು. ಬಾಗಿಲಿನ ಮೇಲಿನ ತುಂಡೂ ಪಕ್ಕದ ತುಂಡೂ ಒಂದಕ್ಕೊಂದು ಅಂಟಿಕೊಂಡರೆ ಬಾಗಿಲು ತೆರೆಯುವುದೆಂತು? ಆಮೇಲೆ ಮೇಲಿನ ಕಾಗದವನ್ನು ಸುಲಿದು, ನೇರವಾದ ಅಥವಾ ಮೂಲೆಯುಳ್ಳ ಒಂದು ಅಂಚನ್ನು ಮೊದಲು ಕೂಡಿಸಿ, ಅಲ್ಲಿಂದ ಮುಂದಕ್ಕೆ ಚಾಪೆ ಹಾಸಿದಂತೆ ಒತ್ತುತ್ತ ಹೋಗಬೇಕು. ಎಲ್ಲ ಕಡೆಯೂ ಹೆಬ್ಬೆರಳಿನಿಂದ ಬಲವಾಗಿ ಒತ್ತಿದ ಮೇಲೆ, ಮೆತ್ತನೆಯ ಬಟ್ಟೆ ಸುತ್ತಿ ಅಗಲವಾದ ರಬ್ಬರು ಬ್ಯಾಂಡು ಹಾಕಿ ಒಂದು ದಿನ ಮುಟ್ಟದಿರಬೇಕು. ಈ ಬಗೆಯ ಅಂಟು ಪೂರ್ಣಬಲಕ್ಕೆ ಬರಲು ಸುಮಾರು ೭೨ ಗಂಟೆ ಹಿಡಿಯುತ್ತದೆ. ಭಾನುವಾರ ಬೆಳಗ್ಗೆ ಅಂಟಿಸಿ ಸಂಜೆಯ ಆರತಕ್ಷತೆಗೆ ಒಯ್ಯುವ ಆತುರ ಸಲ್ಲದು.

ಅಂಟಂಟಾದ ಲೇಪದ ಚಿಕಿತ್ಸೆ ಬೇರೆ. ಅಲ್ಲಿ ಹೊದಿಕೆ ಬಿಚ್ಚುವುದಿಲ್ಲ. ಐಸೊಪ್ರೊಪೈಲ್ ಸೋಕಿಸಿದ ಬಟ್ಟೆಯಿಂದ ಲೇಪವನ್ನೇ ಒರಸಿ ತೆಗೆಯುವುದು. ಕೆಳಗಿನ ಪ್ಲಾಸ್ಟಿಕ್ಕು ನುಣ್ಣಗೆ, ಕೊಂಚ ಹೊಳಪಾಗಿ ಕಾಣಿಸಿಕೊಳ್ಳುತ್ತದೆ. ಮೊದಲಿನ ಮೃದುತ್ವ ಹೋಗುತ್ತದೆ. ಅದರೊಡನೆ ಅಂಟೂ ಹೋಗುತ್ತದೆ. ಬರೆದ ಅಕ್ಷರಗಳು ಅಳಿಸಿಹೋಗುವ ಸಂಭವವಿರುವುದರಿಂದ ಮೊದಲು ಒಂದು ಮೂಲೆಯಲ್ಲಿ ಪರೀಕ್ಷಿಸಬೇಕು.

ಹಚ್ಚಬಾರದ ಮದ್ದುಗಳು

ಮನೆಯಲ್ಲಿ ಏನಾದರೂ ಕಿತ್ತುಬಂದೊಡನೆ ನೆನಪಾಗುವುದು ಕ್ಷಣದಲ್ಲಿ ಹಿಡಿಯುವ ಸಣ್ಣ ಕೊಳವೆಯ ಅಂಟು. ಸಯನೋಅಕ್ರಿಲೇಟ್ ಎಂಬ ಈ ವಸ್ತು ಸ್ವತಃ ಕ್ಯಾಮೆರಾ ಕುಲದ ಕೂಸೆಂಬುದು ಒಂದು ವಿನೋದ. ಕೊಡಕ್ ಸಂಸ್ಥೆಯ ಹ್ಯಾರಿ ಕೂವರ್ ೧೯೪೨ರಲ್ಲಿ ಅದನ್ನು ಕಂಡಾಗ, ಮುಟ್ಟಿದುದಕ್ಕೆಲ್ಲ ಅಂಟುತ್ತದೆಂದು ಬೇಸತ್ತು ಬದಿಗೊತ್ತಿದರು. ಆ ದೋಷವೇ ಅದರ ಗುಣವೆಂದು ಹೊಳೆದುದು ೧೯೫೧ರಲ್ಲಿ. ಪೇಟೆಗೆ ಬಂದುದು ೧೯೫೮ರಲ್ಲಿ. ಆದರೆ ಕ್ಯಾಮೆರಾದ ಹೊದಿಕೆಗೆ ಇದು ವಿಷಪ್ರಾಯ. ಒಣಗಿದ ಮೇಲೆ ಗಾಜಿನಂತೆ ಪೆಡಸಾಗಿ, ಬಾಗುವ ರಬ್ಬರಿನಡಿ ಒಡೆಯುತ್ತದೆ. ಮುಂದೆ ರಿಪೇರಿಗಾರರು ಒಳಗಿನ ಮೊಳೆ ಬಿಚ್ಚಬೇಕಾದಾಗ ಹೊದಿಕೆ ಹರಿಯದೆ ಬರುವುದಿಲ್ಲ. ಎಲ್ಲಕ್ಕೂ ಮಿಗಿಲಾಗಿ ಅದರ ಆವಿ ಸುತ್ತಲಿನ ವಸ್ತುಗಳ ಮೇಲೆ ಬಿಳಿಯ ಪದರವಾಗಿ ಕೂರುತ್ತದೆ. ಬೆರಳಚ್ಚುಗಳನ್ನು ಹೊರಗೆಡಹಲು ಅಪರಾಧ ಶೋಧನೆಯ ಪ್ರಯೋಗಾಲಯಗಳು ಬಳಸುವುದು ಈ ಆವಿಯನ್ನೇ. ಮಸೂರದ ಮೇಲೆ ಅಂತಹ ಶೋಧನೆ ಯಾರಿಗೂ ಬೇಡ.

ಉಗುರುಬಣ್ಣ ತೆಗೆಯುವ ದ್ರವದಲ್ಲಿನ ಅಸಿಟೋನ್ ಕ್ಯಾಮೆರಾದ ಪ್ಲಾಸ್ಟಿಕ್ ಮೈಯನ್ನು ಕರಗಿಸಬಲ್ಲುದು. ಪೆಟ್ರೋಲು, ಸೀಮೆಎಣ್ಣೆ, ಥಿನ್ನರುಗಳು ರಬ್ಬರನ್ನು ಮತ್ತಷ್ಟು ಉಬ್ಬಿಸುತ್ತವೆ. ಚಪ್ಪಲಿಗೆ ಹಚ್ಚುವ ರಬ್ಬರು ಅಂಟಿನಲ್ಲಿಯೂ ಇಂತಹ ದ್ರಾವಕಗಳಿರುವುದರಿಂದ ಅದು ಪಳಗಿದ ಕೈಗಳಿಗೆ ಮಾತ್ರ ತಕ್ಕುದು. ಒಣಗಿದ ರಬ್ಬರಿಗೆ ಹೊಳಪು ಬರಲೆಂದು ಕೊಬ್ಬರಿ ಎಣ್ಣೆ ಸವರುವುದಂತೂ ರೋಗವನ್ನೇ ಮದ್ದೆಂದು ಕೊಟ್ಟಂತೆ!

ಪಥ್ಯ

ಚಿಕಿತ್ಸೆಗಿಂತ ಪಥ್ಯ ಮೇಲು. ಬಳಸಿದ ಮೇಲೆ ಹಿಡಿಕೆಯನ್ನು ಕೊಂಚ ತೇವದ ಬಟ್ಟೆಯಿಂದ, ಬಳಿಕ ಒಣಬಟ್ಟೆಯಿಂದ ಒರಸುವ ಅಭ್ಯಾಸ ಒಂದು ನಿಮಿಷದ ಕೆಲಸ. ಸೊಳ್ಳೆಮದ್ದು ಹಚ್ಚಿದವರು ಅಂಗೈ ತೊಳೆದುಕೊಂಡು ಕ್ಯಾಮೆರಾ ಮುಟ್ಟಬೇಕು. ಕಾರಿನಲ್ಲಿ ಬಿಟ್ಟುಹೋಗಬಾರದು. ಚರ್ಮದ ಚೀಲದಲ್ಲಿ ವರುಷಗಟ್ಟಲೆ ಮುಚ್ಚಿಡುವ ಬದಲು, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಇಟ್ಟರೆ ಹೊದಿಕೆಗೂ ಮಸೂರಕ್ಕೂ ಕ್ಷೇಮ. ಅಂಚು ಎದ್ದುದು ಕಂಡೊಡನೆ ಬೆರಳಿನಿಂದ ಕೆದಕುತ್ತ ಕೂರದೆ ಅಂದೇ ಗಮನಿಸಬೇಕು. ಧೂಳು ಹೊಗದಿದ್ದರೆ ಅರ್ಧ ಕೆಲಸ ಉಳಿಯಿತು. ಇನ್ನೊಂದು ಮಾತು: ಮಳೆ ತಡೆಯಬಲ್ಲ ಕ್ಯಾಮೆರಾವೆಂದು ಕೊಂಡಿದ್ದರೂ ಹೊದಿಕೆಯನ್ನು ಬಿಚ್ಚಿ ಅಂಟಿಸಿದ ಮೇಲೆ ಆ ಭರವಸೆಯ ಮೇಲೆ ನೆನೆಯಲು ಬಿಡಬಾರದು.

ಬಿಸುಡುವುದು ಸುಲಭ, ಆದರೆ…

ಒಂದು ತುಂಡು ರಬ್ಬರಿಗೆ ಇಷ್ಟೆಲ್ಲ ಶ್ರಮವೇಕೆಂದು ಕೇಳುವವರಿರಬಹುದು. ಡಿಜಿಟಲ್ ಕ್ಯಾಮೆರಾಗಳ ಯುಗ ಎಷ್ಟು ಬೇಗ ಉಕ್ಕಿ ಇಳಿಯಿತೆಂಬುದನ್ನು ನೋಡಬೇಕು. ಜಪಾನಿನ ತಯಾರಕರ ಸಂಘದ ಲೆಕ್ಕದಂತೆ ೨೦೧೦ರಲ್ಲಿ ಕಾರ್ಖಾನೆಗಳಿಂದ ಹೊರಟ ಡಿಜಿಟಲ್ ಕ್ಯಾಮೆರಾಗಳು ೧೨ ಕೋಟಿಗೂ ಹೆಚ್ಚು. ೨೦೨೩ರಲ್ಲಿ ೮೦ ಲಕ್ಷಕ್ಕೂ ಕಡಮೆ. ಉಳಿದ ಕೆಲಸವನ್ನು ಮೊಬೈಲ್ ಫೋನುಗಳು ಕಸಿದುಕೊಂಡವು. ಮಾದರಿಗಳು ಹಳತಾದಂತೆ ಅವುಗಳ ಬಿಡಿಭಾಗಗಳೂ ಅಪರೂಪವಾಗುತ್ತವೆ. ಆದುದರಿಂದ ಕೈಯಲ್ಲಿರುವುದನ್ನು ಕಾಪಾಡಿಕೊಳ್ಳುವ ಹೊಣೆ ಬಳಸುವವರ ಮೇಲೆಯೇ ಬೀಳುತ್ತದೆ.

ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ೨೦೨೪ರಲ್ಲಿ ಹೊರತಂದ ವರದಿಯಂತೆ, ೨೦೨೨ರಲ್ಲಿ ಜಗತ್ತು ಬಿಸುಟ ವಿದ್ಯುನ್ಮಾನ ಕಸ ೬.೨ ಕೋಟಿ ಟನ್ನು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಸಂದುದೆಂದು ದಾಖಲಾದುದು ಕಾಲು ಭಾಗಕ್ಕಿಂತಲೂ ಕಡಮೆ. ಆ ರಾಶಿಯಲ್ಲಿ ಒಳಾಂಗ ಗಟ್ಟಿಯಿದ್ದೂ ಹೊರಮೈ ಕೆಟ್ಟುದರಿಂದಲೇ ಬಿಸುಟ ಯಂತ್ರಗಳೂ ಸೇರಿವೆ. ಕೊಂಡ ವಸ್ತುವನ್ನು ರಿಪೇರಿ ಮಾಡಿಸಿಕೊಳ್ಳುವುದು ಗ್ರಾಹಕರ ಹಕ್ಕೆಂಬ ವಿಚಾರಕ್ಕೆ ಈಗ ಸರಕಾರಗಳೂ ಕಿವಿಗೊಟ್ಟಿವೆ. ಭಾರತದ ಗ್ರಾಹಕ ವ್ಯವಹಾರಗಳ ಇಲಾಖೆ ೨೦೨೨ರಲ್ಲಿ ಇದಕ್ಕಾಗಿ ಸಮಿತಿಯನ್ನು ನೇಮಿಸಿತು. ಯುರೋಪಿನ ಒಕ್ಕೂಟ ೨೦೨೪ರಲ್ಲಿ ನಿಯಮವನ್ನೇ ತಂದಿತು.

ಆದರೆ ಈ ಹಕ್ಕು ನಮ್ಮ ನಾಡಿನ ಮನೆಗಳಿಗೆ ಹೊಸತೇನಲ್ಲ. ಕೊಡೆಗೆ ಬಟ್ಟೆ ಹಾಕಿಸಿದವರು, ಪಾತ್ರೆಗಳಿಗೆ ಕಲಾಯಿ ಮಾಡಿಸಿದವರು, ಹಾಸಿಗೆಯ ಹತ್ತಿಯನ್ನು ಮತ್ತೆ ಮತ್ತೆ ಹಿಂಜಿಸಿದವರು ನಮ್ಮ ಹಿರಿಯರು. ವಸ್ತುವಿನ ಚರ್ಮ ಹೋಯಿತೆಂದು ಅವರು ವಸ್ತುವನ್ನೇ ಕಳೆದುಕೊಂಡವರಲ್ಲ. ಒಂದು ಬ್ಲೇಡು, ಒಂದಿಷ್ಟು ಹತ್ತಿ, ಗೇಣುದ್ದದ ಅಂಟುಪಟ್ಟಿ, ರಜಾದಿನದ ಎರಡು ಗಂಟೆ. ಇಷ್ಟರಿಂದ ಹತ್ತು ವರುಷ ಮನೆಯ ನಗು ಅಳುಗಳನ್ನು ನೋಡಿದ ಯಂತ್ರವೊಂದು ಇನ್ನೂ ಹಲವು ವರುಷ ನೋಡುವಂತಾದರೆ ಅದೇನು ಸಣ್ಣ ಲಾಭವೆ?